ಕಲಬೆರಕೆ ಮಾದಕ ದ್ರವ್ಯ: ಕಾನೂನಿನ ತಕ್ಕಡಿ ತೂಗುವುದು ಏನನ್ನು?

ಕಲಬೆರಕೆ ಎಂದೊಡನೆ ಜನರಿಗೆ ನೆನಪಾಗುವುದು ಹಾಲಿಗೆ ಬೆರೆಸಿದ ನೀರು, ಖಾರದ ಪುಡಿಗೆ ಬೆರೆಸಿದ ಇಟ್ಟಿಗೆ ಪುಡಿ, ಕಾಳುಮೆಣಸಿನಲ್ಲಿ ಸೇರಿಕೊಂಡ ಪರಂಗಿ ಬೀಜ. ಬೆಲೆಯುಳ್ಳ ವಸ್ತುವಿಗೆ ಬೆಲೆಯಿಲ್ಲದ ವಸ್ತುವನ್ನು ಸೇರಿಸಿ ತೂಕ ಹೆಚ್ಚಿಸುವುದೇ ಇಂಥ ಮೋಸದ ತಿರುಳು. ಮಾದಕ ದ್ರವ್ಯಗಳ ಕಳ್ಳವ್ಯಾಪಾರದಲ್ಲಿಯೂ ಬಹುಕಾಲ ನಡೆದುಬಂದದ್ದು ಇದೇ ಬಗೆಯ ಕಲಬೆರಕೆ. ಹೆರಾಯಿನ್‌ಗೆ ಸಕ್ಕರೆ ಪುಡಿ, ಸೀಮೆಸುಣ್ಣ, ಕೆಫೀನ್, ಪ್ಯಾರಾಸಿಟಮಾಲ್ ಮುಂತಾದವುಗಳನ್ನು ಬೆರೆಸಲಾಗುತ್ತದೆ. ಗಡಿ ದಾಟುವಾಗ ಒಂದು ಕಿಲೋ ಇದ್ದ ಸರಕು ಕೈಯಿಂದ ಕೈಗೆ ದಾಟಿ ಬೀದಿಯ ಪೊಟ್ಟಣವಾಗುವಷ್ಟರಲ್ಲಿ ಹಲವು ಕಿಲೋಗಳಿಗೆ ಹಿಗ್ಗುತ್ತದೆ. ವ್ಯಸನಿಯ ಜೇಬಿಗೆ ಇದರಿಂದ ನಷ್ಟವಾಗುತ್ತಿತ್ತಾದರೂ ಅಮಲಿನ ಪ್ರಮಾಣ ತಗ್ಗುತ್ತಿತ್ತು.

ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಜಗತ್ತಿನ ಕೆಲವು ಭಾಗಗಳಲ್ಲಿ ಈ ಲೆಕ್ಕ ತಲೆಕೆಳಗಾಗಿದೆ. ಈಗ ಬೆರೆಯುತ್ತಿರುವುದು ಸೀಮೆಸುಣ್ಣವಲ್ಲ. ಮೂಲ ಸರಕಿಗಿಂತ ಹತ್ತಾರು ಪಟ್ಟು ಪ್ರಬಲವಾದ ಕೃತಕ ಅಫೀಮು ವರ್ಗದ ರಾಸಾಯನಿಕಗಳು. ಅವುಗಳಲ್ಲಿ ಮುಖ್ಯವಾದುದು ಫೆಂಟಾನಿಲ್. ಇಂಥ ಮಿಶ್ರಣವನ್ನು ಮಾರಿದವನಿಗೆ ಏನು ಶಿಕ್ಷೆ, ಆ ಶಿಕ್ಷೆಯನ್ನು ಯಾವ ಅಳತೆಗೋಲಿನಿಂದ ನಿರ್ಧರಿಸಬೇಕು, ಬೆರೆತಿರುವ ವಿಷವನ್ನು ತೂಗಬೇಕೇ ಇಲ್ಲವೇ ಇಡೀ ಪೊಟ್ಟಣವನ್ನು ತೂಗಬೇಕೇ ಎಂಬ ಪ್ರಶ್ನೆಗಳು ಶಾಸಕಾಂಗಗಳನ್ನೂ ನ್ಯಾಯಾಲಯಗಳನ್ನೂ ಕಾಡಿವೆ. ಮಾದಕ ದ್ರವ್ಯಗಳನ್ನು ಕುರಿತ ನಮ್ಮ ಕಾಯಿದೆಯು ಸಂಸತ್ತು ರಚಿಸಿದ ಕೇಂದ್ರ ಕಾಯಿದೆ. ಆದ್ದರಿಂದ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ, ಎಲ್ಲಿಯೇ ನೆಲೆಸಿದ ಕನ್ನಡಿಗರಿಗೂ ಒಂದೇ ತಕ್ಕಡಿ ಅನ್ವಯಿಸುತ್ತದೆ. ಆ ತಕ್ಕಡಿಯ ಸ್ವರೂಪವನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ.

ಫೆಂಟಾನಿಲ್ ಎಂಬ ಔಷಧ

ಬೆಲ್ಜಿಯಂ ದೇಶದ ಔಷಧ ವಿಜ್ಞಾನಿ ಪಾಲ್ ಯಾನ್ಸೆನ್ ಅವರ ಪ್ರಯೋಗಶಾಲೆಯಲ್ಲಿ 1960ರ ಸುಮಾರಿಗೆ ರೂಪುಗೊಂಡ ಫೆಂಟಾನಿಲ್ ಮೂಲತಃ ನೋವು ನಿವಾರಕ. ಶಸ್ತ್ರಚಿಕಿತ್ಸೆಯ ವೇಳೆ ಅರಿವಳಿಕೆ ತಜ್ಞರು ಇದನ್ನು ಚುಚ್ಚುಮದ್ದಾಗಿ ಬಳಸುತ್ತಾರೆ. ಕ್ಯಾನ್ಸರ್ ರೋಗಿಗಳ ತೀವ್ರ ನೋವಿಗೆ ಚರ್ಮಕ್ಕೆ ಅಂಟಿಸುವ ಪಟ್ಟಿಯ ರೂಪದಲ್ಲಿಯೂ ಇದು ದೊರೆಯುತ್ತದೆ. ಮಾರ್ಫೀನ್‌ಗೆ ಹೋಲಿಸಿದರೆ ಇದರ ಶಕ್ತಿ ಸುಮಾರು 100 ಪಟ್ಟು, ಹೆರಾಯಿನ್‌ಗೆ ಹೋಲಿಸಿದರೆ ಸುಮಾರು 50 ಪಟ್ಟು. ರೂಢಿಯಿಲ್ಲದ ವ್ಯಕ್ತಿಗೆ ಕೇವಲ 2 ಮಿಲಿಗ್ರಾಂ, ಎಂದರೆ ಕೆಲವೇ ಉಪ್ಪಿನ ಹರಳುಗಳಷ್ಟು, ಪ್ರಾಣಾಂತಕವಾಗಬಲ್ಲದೆಂದು ಅಮೆರಿಕದ ಮಾದಕ ದ್ರವ್ಯ ನಿಯಂತ್ರಣ ಸಂಸ್ಥೆ ಎಚ್ಚರಿಸಿದೆ.

ಕಳ್ಳವ್ಯಾಪಾರಿಗೆ ಇದು ಏಕೆ ಪ್ರಿಯವಾಯಿತೆಂಬುದು ಸುಲಭವಾಗಿ ತಿಳಿಯುವ ಮಾತು. ಹೆರಾಯಿನ್‌ಗೆ ಗಸಗಸೆಯ ಹೊಲ ಬೇಕು, ಮಳೆ ಬೆಳೆ ಬೇಕು, ಕಾಯಿಗೆ ಗೀರು ಹಾಕಿ ಹಾಲು ತೆಗೆಯುವ ಕೂಲಿಗಳು ಬೇಕು. ಫೆಂಟಾನಿಲ್‌ಗೆ ಬೇಕಾದುದು ಕೆಲವು ರಾಸಾಯನಿಕಗಳು ಮತ್ತು ಒಂದು ಗುಪ್ತ ಕೋಣೆ. ನೂರು ಕಿಲೋ ಹೆರಾಯಿನ್ ಸಾಗಿಸಲು ವಾಹನ ಬೇಕಾದರೆ ಅದಕ್ಕೆ ಸಮನಾದ ಫೆಂಟಾನಿಲ್ಲನ್ನು ಒಂದು ಕೈಚೀಲದಲ್ಲಿ ಸಾಗಿಸಬಹುದು.

ಅಪಾಯವಿರುವುದು ಬೆರೆಸುವ ಕ್ರಮದಲ್ಲಿ. ಔಷಧ ಕಾರ್ಖಾನೆಯಲ್ಲಿ ಮಿಲಿಗ್ರಾಮಿನ ಸಾವಿರದಲ್ಲೊಂದು ಪಾಲನ್ನೂ ಅಳೆಯುವ ಉಪಕರಣಗಳಿರುತ್ತವೆ. ಕಳ್ಳ ಕೋಣೆಯಲ್ಲಿರುವುದು ಬಕೆಟ್ಟು, ಸೌಟು ಅಥವಾ ಅಡುಗೆಮನೆಯ ಮಿಕ್ಸಿ. ಹೀಗೆ ಕಲಸಿದ ಪುಡಿಯಲ್ಲಿ ವಿಷ ಸಮನಾಗಿ ಹರಡುವುದಿಲ್ಲ. ಒಂದೇ ರಾಶಿಯಿಂದ ಕಟ್ಟಿದ ಹತ್ತು ಪೊಟ್ಟಣಗಳಲ್ಲಿ ಒಂಬತ್ತರಲ್ಲಿ ಲವಲೇಶವಿದ್ದು, ಹತ್ತನೆಯದರಲ್ಲಿ ಸಾವೇ ತುಂಬಿರಬಹುದು. ಕೊಳ್ಳುವವನಿಗಂತೂ ಇದು ತಿಳಿಯುವುದಿಲ್ಲ. ಬೀದಿಯಲ್ಲಿ ಮಾರುವವನಿಗೂ ಬಹುಮಟ್ಟಿಗೆ ತಿಳಿದಿರುವುದಿಲ್ಲ. ಮಾರುವವನ ಈ ಅರಿಯದಿಕೆಯೇ ಶಿಕ್ಷೆಯ ಪ್ರಶ್ನೆಯನ್ನು ತೊಡಕಾಗಿಸಿದೆ.

ಅಮೆರಿಕದ ಅನುಭವ

ಈ ಪಿಡುಗಿನ ಅತಿ ಘೋರ ರೂಪವನ್ನು ಕಂಡ ದೇಶ ಅಮೆರಿಕ. 2022ರಲ್ಲಿ ಅಲ್ಲಿ ಮಾದಕ ದ್ರವ್ಯದ ಅತಿಸೇವನೆಯಿಂದ 1 ಲಕ್ಷ 7 ಸಾವಿರಕ್ಕೂ ಹೆಚ್ಚು ಜನ ಮೃತಪಟ್ಟರು. ಅವರಲ್ಲಿ 73 ಸಾವಿರಕ್ಕೂ ಹೆಚ್ಚು ಮಂದಿಯ ಸಾವಿನಲ್ಲಿ ಫೆಂಟಾನಿಲ್ ಮುಖ್ಯವಾಗಿರುವ ಕೃತಕ ಅಫೀಮು ವರ್ಗದ ಪಾತ್ರವಿತ್ತು. ತಾನು ಫೆಂಟಾನಿಲ್ ಸೇವಿಸುತ್ತಿದ್ದೇನೆಂಬುದೇ ಅವರಲ್ಲಿ ಅನೇಕರಿಗೆ ಗೊತ್ತಿರಲಿಲ್ಲ. ಹೆರಾಯಿನ್, ಕೊಕೇನ್ ಅಥವಾ ನಿದ್ರೆ, ಆತಂಕಗಳಿಗೆ ಕೊಡುವ ಮಾತ್ರೆಯಂತೆ ಕಾಣುವ ನಕಲಿ ಗುಳಿಗೆಗಳಲ್ಲಿ ಅದು ಅಡಗಿ ಕುಳಿತಿರುತ್ತಿತ್ತು.

ಅಲ್ಲಿನ ಸಂಯುಕ್ತ ಸರ್ಕಾರದ ಕಾನೂನು ಎರಡು ಮಾರ್ಗಗಳಲ್ಲಿ ನಡೆಯುತ್ತದೆ. ಒಂದು ತೂಕದ ಮಾರ್ಗ. ಫೆಂಟಾನಿಲ್ ಇರುವ ಮಿಶ್ರಣವು 40 ಗ್ರಾಂ ಮುಟ್ಟಿದರೆ ಕನಿಷ್ಠ 5 ವರ್ಷ, 400 ಗ್ರಾಂ ಮುಟ್ಟಿದರೆ ಕನಿಷ್ಠ 10 ವರ್ಷ ಸೆರೆವಾಸ. ಮಿಶ್ರಣದಲ್ಲಿ ವಿಷ ಎಷ್ಟಿದೆಯೆಂದು ನೋಡುವುದಿಲ್ಲ. ಪತ್ತೆಯಾಗುವಷ್ಟಿದ್ದರೆ ಸಾಕು, ಇಡೀ ಮಿಶ್ರಣದ ತೂಕ ಲೆಕ್ಕಕ್ಕೆ ಬರುತ್ತದೆ. ಫೆಂಟಾನಿಲ್ಲಿನ ಅಣುರಚನೆಯನ್ನು ಅಷ್ಟಿಷ್ಟು ಬದಲಿಸಿ ತಯಾರಿಸಿದ ಸೋದರ ಪದಾರ್ಥಗಳಿಗೆ ಈ ಮಿತಿಗಳು ಇನ್ನೂ ಕಡಿಮೆ, ಕ್ರಮವಾಗಿ 10 ಗ್ರಾಂ ಮತ್ತು 100 ಗ್ರಾಂ. ಇಂಥ ಪದಾರ್ಥಗಳನ್ನು ಒಂದೊಂದಾಗಿ ನಿಷೇಧಿಸುತ್ತ ಹೋದರೆ ಕಳ್ಳ ರಸಾಯನಜ್ಞನು ಹೊಸದೊಂದನ್ನು ಸೃಷ್ಟಿಸುತ್ತ ಹೋಗುತ್ತಾನೆ. ಈ ಕಾರಣದಿಂದ ಇಡೀ ಕುಲವನ್ನೇ 2018ರಲ್ಲಿ ತಾತ್ಕಾಲಿಕವಾಗಿಯೂ, 2025ರ ಜುಲೈ 16ರಂದು ಅಂಕಿತಗೊಂಡ ಕಾಯಿದೆಯ ಮೂಲಕ ಶಾಶ್ವತವಾಗಿಯೂ ಅತ್ಯಂತ ಕಟ್ಟುನಿಟ್ಟಿನ ಅನುಸೂಚಿಗೆ ಸೇರಿಸಲಾಯಿತು.

ಎರಡನೆಯದು ಸಾವಿನ ಮಾರ್ಗ. ಮಾರಿದ ಮಾದಕ ದ್ರವ್ಯದ ಸೇವನೆಯಿಂದ ಸಾವು ಸಂಭವಿಸಿದರೆ, ತೂಕ ಎಷ್ಟೇ ಅಲ್ಪವಾಗಿದ್ದರೂ, ಕನಿಷ್ಠ 20 ವರ್ಷ ಸೆರೆವಾಸ, ಗರಿಷ್ಠ ಜೀವಾವಧಿ. 1986ರಲ್ಲಿ ಕೊಕೇನ್ ಹಾವಳಿಯ ಕಾಲದಲ್ಲಿ ಬಂದ ಈ ನಿಯಮ ಫೆಂಟಾನಿಲ್ ಕಾಲದಲ್ಲಿ ಹೊಸ ಬಳಕೆಯನ್ನು ಕಂಡಿತು. ಆದರೆ ಸಾವಿಗೆ ಕಾರಣವೇನೆಂದು ಸಾಧಿಸುವುದು ಎಷ್ಟು ಕಷ್ಟವೆಂಬುದನ್ನು 2014ರ ಜನವರಿ 27ರಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಬರೇಜ್ ಪ್ರಕರಣದಲ್ಲಿ ನೀಡಿದ ತೀರ್ಪು ತೋರಿಸಿಕೊಟ್ಟಿತು. ಮೃತನು ಹಲವು ಬಗೆಯ ಮಾದಕಗಳನ್ನು ಒಟ್ಟಿಗೆ ಸೇವಿಸಿದ್ದನು. ಆರೋಪಿಯು ಮಾರಿದ ಹೆರಾಯಿನ್ ಅವುಗಳಲ್ಲಿ ಒಂದಾಗಿತ್ತು. ಹೆರಾಯಿನ್ ಇಲ್ಲದಿದ್ದರೆ ಅವನು ಬದುಕುತ್ತಿದ್ದನೆಂದು ಹೇಳಲು ವೈದ್ಯ ಸಾಕ್ಷಿಗಳಿಗೆ ಸಾಧ್ಯವಾಗಲಿಲ್ಲ. ಸಾವಿಗೆ ನೆರವಾಯಿತು ಎಂದಷ್ಟೇ ಹೇಳಿದರೆ ಸಾಲದು, ಅದಿಲ್ಲದಿದ್ದರೆ ಸಾವು ಸಂಭವಿಸುತ್ತಿರಲಿಲ್ಲವೆಂದು ಸಾಧಿಸಬೇಕು ಎಂದು ನ್ಯಾಯಾಲಯ ವಿಧಿಸಿತು. ಹಲವು ವಿಷಗಳು ಬೆರೆತ ಪೊಟ್ಟಣಗಳ ಕಾಲದಲ್ಲಿ ಇದು ಸಣ್ಣ ಹೊರೆಯಲ್ಲ.

ರಾಜ್ಯಗಳೂ ತಮ್ಮ ತಮ್ಮ ಕಾನೂನುಗಳನ್ನು ಬಿಗಿಗೊಳಿಸಿವೆ. 2024ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಅಂಗೀಕರಿಸಿದ ನಿಯಮದ ಪ್ರಕಾರ, ಇಂಥ ಮಾದಕವನ್ನು ಮಾರಿ ತಪ್ಪಿತಸ್ಥನೆಂದು ತೀರ್ಮಾನವಾದವನಿಗೆ ನ್ಯಾಯಾಲಯವು ಮುಂಚಿತವಾಗಿಯೇ ಎಚ್ಚರಿಕೆ ಕೊಡುತ್ತದೆ: ಇನ್ನು ಮುಂದೆ ನೀನು ಮಾರಿದ್ದರಿಂದ ಯಾರಾದರೂ ಸತ್ತರೆ ನಿನ್ನ ಮೇಲೆ ಕೊಲೆಯ ಆರೋಪ ಬರಬಹುದು. ಅಪಾಯ ತಿಳಿದಿರಲಿಲ್ಲವೆಂಬ ವಾದಕ್ಕೆ ಮುಂದೆ ಅವಕಾಶವಿರಬಾರದೆಂಬುದು ಈ ಎಚ್ಚರಿಕೆಯ ಉದ್ದೇಶ.

ಕಠಿಣ ಶಿಕ್ಷೆಯಿಂದ ಸಾವುಗಳು ಕಡಿಮೆಯಾದವೇ? ಈ ಪ್ರಶ್ನೆಗೆ ನೇರ ಉತ್ತರವಿಲ್ಲ. 20 ವರ್ಷಗಳ ಕನಿಷ್ಠ ಶಿಕ್ಷೆ 1986ರಿಂದಲೂ ಇದ್ದರೂ ಸಾವುಗಳ ಸಂಖ್ಯೆ 2022ರವರೆಗೆ ಏರುತ್ತಲೇ ಹೋಯಿತು. 2024ರಲ್ಲಿ ಅದು ಸುಮಾರು 80 ಸಾವಿರಕ್ಕೆ ಇಳಿಯಿತು. ಈ ಇಳಿಕೆಗೆ ಅಫೀಮು ವರ್ಗದ ಅಮಲನ್ನು ತಡೆಯುವ ನ್ಯಾಲಾಕ್ಸೋನ್ ಔಷಧ ವೈದ್ಯರ ಚೀಟಿಯಿಲ್ಲದೆ ದೊರೆಯುವಂತಾದದ್ದು, ಚಿಕಿತ್ಸೆಯ ವಿಸ್ತರಣೆ, ಪೂರೈಕೆಯಲ್ಲಾದ ಬದಲಾವಣೆ ಮುಂತಾದ ಹಲವು ಕಾರಣಗಳನ್ನು ತಜ್ಞರು ಮುಂದಿಡುತ್ತಾರೆ. ಸಾವಿನ ಮೊಕದ್ದಮೆಗಳಲ್ಲಿ ಸಿಕ್ಕಿಬೀಳುವವನು ಅನೇಕ ಸಲ ಜಾಲದ ಮುಖಂಡನಲ್ಲ, ಮೃತನೊಡನೆ ಕೂಡಿ ಸೇವಿಸುತ್ತಿದ್ದ ಗೆಳೆಯನೇ ಎಂಬ ಟೀಕೆಯೂ ಅಲ್ಲಿ ಪ್ರಬಲವಾಗಿದೆ.

ಭಾರತದ ಕಾಯಿದೆ: ಮೂರು ಮೆಟ್ಟಿಲು

ಭಾರತದ ಬೀದಿ ಸರಕಿನಲ್ಲಿ ಫೆಂಟಾನಿಲ್ ಅಮೆರಿಕದಲ್ಲಿ ಹರಡಿದಷ್ಟು ಹರಡಿಲ್ಲ. ಹಾಗೆಂದು ಅಫೀಮು ವರ್ಗದ ಹಾವಳಿ ಇಲ್ಲಿ ಕಡಿಮೆಯೇನಲ್ಲ. ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಪ್ರಕಟವಾಯಿತು. ಅದರಂತೆ ಅಫೀಮು, ಹೆರಾಯಿನ್ ಹಾಗೂ ನೋವಿನ ಔಷಧಗಳನ್ನು ಅಮಲಿಗಾಗಿ ಬಳಸುವವರು ಒಟ್ಟು 2 ಕೋಟಿ 26 ಲಕ್ಷದಷ್ಟಿದ್ದರು. ಅವರಲ್ಲಿ ಚಿಕಿತ್ಸೆಯ ಅಥವಾ ನೆರವಿನ ಅಗತ್ಯವಿದ್ದವರು ಸುಮಾರು 77 ಲಕ್ಷ. ಫೆಂಟಾನಿಲ್ ತಯಾರಿಕೆಯ ಯತ್ನವೂ ಇಲ್ಲಿ ಕಂಡುಬಂದಿದೆ. 2018ರ ಸೆಪ್ಟೆಂಬರಿನಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯವು ಇಂದೂರಿನಲ್ಲಿ ಸುಮಾರು 9 ಕಿಲೋ ಫೆಂಟಾನಿಲ್ಲನ್ನು ವಶಪಡಿಸಿಕೊಂಡಿತು.

ಪತ್ರಿಕೆಗಳಲ್ಲಿ ಎನ್.ಡಿ.ಪಿ.ಎಸ್. ಕಾಯಿದೆ ಎಂದು ಪರಿಚಿತವಾಗಿರುವ ಮಾದಕ ದ್ರವ್ಯಗಳ ಅಧಿನಿಯಮವು 1985ರ ನವೆಂಬರ್ 14ರಂದು ಜಾರಿಗೆ ಬಂದಿತು. ಮೊದಲ ರೂಪದಲ್ಲಿ ಅದು ಹೆರಾಯಿನ್‌ನಂಥ ವಸ್ತುಗಳ ವಿಷಯದಲ್ಲಿ ದೊಡ್ಡ ಸಾಗಣೆಗಾರ, ಸಣ್ಣ ಮಾರಾಟಗಾರ ಎಂಬ ಭೇದವನ್ನೆಣಿಸದೆ ಕನಿಷ್ಠ 10 ವರ್ಷಗಳ ಕಠಿಣ ಸಜೆ ವಿಧಿಸುತ್ತಿತ್ತು. ಸ್ವಂತ ಸೇವನೆಗಾಗಿ ಇಟ್ಟುಕೊಂಡ ಅತ್ಯಲ್ಪಕ್ಕೆ ಮಾತ್ರ ವಿನಾಯಿತಿ ಇತ್ತು. ಈ ಒಂದೇ ಅಳತೆಯ ಶಿಕ್ಷೆ ನ್ಯಾಯಸಮ್ಮತವಲ್ಲವೆಂದು ಮನಗಂಡ ಸಂಸತ್ತು 2001ರಲ್ಲಿ ತಿದ್ದುಪಡಿ ತಂದು ಮೂರು ಮೆಟ್ಟಿಲುಗಳನ್ನು ಕಟ್ಟಿತು. ದೊಡ್ಡ ಪ್ರಮಾಣದ ವ್ಯಾಪಾರಿಗೆ ಭಾರಿ ಶಿಕ್ಷೆಯೂ, ವ್ಯಸನಿಗೆ ಮತ್ತು ಸಣ್ಣ ಅಪರಾಧಿಗೆ ಅದಕ್ಕಿಂತ ಹಗುರವಾದ ಶಿಕ್ಷೆಯೂ ದೊರೆಯಲೆಂಬುದು ಅದರ ಆಶಯ.

ಇಂದು ಜಾರಿಯಲ್ಲಿರುವಂತೆ, ಕಾಯಿದೆಯ 21ನೆಯ ಪ್ರಕರಣದ ಅಡಿಯಲ್ಲಿ ಅಲ್ಪ ಪರಿಮಾಣಕ್ಕೆ 1 ವರ್ಷದವರೆಗೆ ಕಠಿಣ ಸಜೆ ಅಥವಾ 10 ಸಾವಿರ ರೂಪಾಯಿವರೆಗೆ ಜುಲ್ಮಾನೆ ಅಥವಾ ಎರಡೂ. ಅಲ್ಪಕ್ಕಿಂತ ಹೆಚ್ಚು, ವಾಣಿಜ್ಯ ಪರಿಮಾಣಕ್ಕಿಂತ ಕಡಿಮೆ ಇದ್ದರೆ 10 ವರ್ಷದವರೆಗೆ ಸಜೆ ಮತ್ತು 1 ಲಕ್ಷ ರೂಪಾಯಿವರೆಗೆ ಜುಲ್ಮಾನೆ. ವಾಣಿಜ್ಯ ಪರಿಮಾಣವಾದರೆ 10 ವರ್ಷಕ್ಕೆ ಕಡಿಮೆಯಿಲ್ಲದ, 20 ವರ್ಷದವರೆಗಿನ ಸಜೆ ಮತ್ತು 1 ಲಕ್ಷದಿಂದ 2 ಲಕ್ಷ ರೂಪಾಯಿ ಜುಲ್ಮಾನೆ; ಕಾರಣಗಳನ್ನು ದಾಖಲಿಸಿ ನ್ಯಾಯಾಲಯವು ಜುಲ್ಮಾನೆಯನ್ನು ಇನ್ನೂ ಹೆಚ್ಚಿಸಬಹುದು. ಈ ಕೊನೆಯ ಮೆಟ್ಟಿಲಲ್ಲಿ ಕನಿಷ್ಠ 10 ವರ್ಷವನ್ನು ಇಳಿಸುವ ವಿವೇಚನಾಧಿಕಾರ ವಿಚಾರಣಾ ನ್ಯಾಯಾಧೀಶರಿಗಿಲ್ಲ. ಎರಡನೆಯ ಸಲ ಅಪರಾಧ ಎಸಗಿದವನಿಗೆ ಶಿಕ್ಷೆಯ ಮಿತಿಗಳು ಒಂದೂವರೆ ಪಟ್ಟಾಗುತ್ತವೆ. ಬಹು ದೊಡ್ಡ ಪರಿಮಾಣಗಳಲ್ಲಿ ಮತ್ತೆ ಸಿಕ್ಕಿಬಿದ್ದವನಿಗೆ ಮರಣದಂಡನೆಯೂ ಸಾಧ್ಯ. 1989ರ ತಿದ್ದುಪಡಿಯಲ್ಲಿ ಅದು ಕಡ್ಡಾಯವಾಗಿತ್ತು. 2011ರ ಬೊಂಬಾಯಿ ಉಚ್ಚ ನ್ಯಾಯಾಲಯದ ತೀರ್ಪು ಮತ್ತು 2014ರ ತಿದ್ದುಪಡಿಯ ನಂತರ ನ್ಯಾಯಾಲಯದ ವಿವೇಚನೆಗೆ ಸೇರಿತು.

ಯಾವ ವಸ್ತುವಿಗೆ ಎಷ್ಟು ಅಲ್ಪ, ಎಷ್ಟು ವಾಣಿಜ್ಯ ಎಂಬುದನ್ನು ಕೇಂದ್ರ ಸರ್ಕಾರದ 2001ರ ಅಕ್ಟೋಬರ್ 19ರ ಅಧಿಸೂಚನೆಯ ಕೋಷ್ಟಕವು ಗೊತ್ತುಪಡಿಸಿದೆ. ಗಾಂಜಾಕ್ಕೆ ಈ ಮಿತಿಗಳು 1 ಕಿಲೋ ಮತ್ತು 20 ಕಿಲೋ. ಹೆರಾಯಿನ್‌ಗೆ 5 ಗ್ರಾಂ ಮತ್ತು 250 ಗ್ರಾಂ. ಫೆಂಟಾನಿಲ್‌ಗೆ ಅಲ್ಪ ಪರಿಮಾಣದ ಮಿತಿ 0.005 ಗ್ರಾಂ, ಎಂದರೆ 5 ಮಿಲಿಗ್ರಾಂ. ವಾಣಿಜ್ಯ ಪರಿಮಾಣದ ಮಿತಿ 0.1 ಗ್ರಾಂ, ಎಂದರೆ 100 ಮಿಲಿಗ್ರಾಂ. ಒಂದು ಚಿಟಿಕೆಯೂ ಆಗದ ಪುಡಿ ಇಲ್ಲಿ ‘ವಾಣಿಜ್ಯ’ ಎನಿಸಿಕೊಳ್ಳುತ್ತದೆ. ಅಮೆರಿಕವು ಫೆಂಟಾನಿಲ್‌ನ ಹೆಸರನ್ನು ಭಯದಿಂದ ಉಚ್ಚರಿಸತೊಡಗುವುದಕ್ಕೆ ಬಹು ಮುಂಚೆಯೇ ನಮ್ಮ ಕೋಷ್ಟಕವು ಅದರ ಶಕ್ತಿಯನ್ನು ಗುರುತಿಸಿತ್ತೆಂಬುದು ಗಮನಾರ್ಹ.

ಶುದ್ಧ ವಸ್ತುವೋ, ಇಡೀ ಪೊಟ್ಟಣವೋ?

ಕೋಷ್ಟಕವಿದ್ದರೂ ಒಂದು ಸಂಶಯ ಉಳಿದಿತ್ತು. 300 ಗ್ರಾಂ ಪುಡಿ ಸಿಕ್ಕಿತು. ಅದರಲ್ಲಿ ಹೆರಾಯಿನ್ ಶೇಕಡಾ 1ರಷ್ಟೇ, ಉಳಿದುದೆಲ್ಲ ಸೀಮೆಸುಣ್ಣ ಎಂದಿಟ್ಟುಕೊಳ್ಳೋಣ. ತಕ್ಕಡಿಗೆ ಹಾಕಬೇಕಾದದ್ದು 3 ಗ್ರಾಮೋ, 300 ಗ್ರಾಮೋ? ಮೊದಲನೆಯದಾದರೆ ಶಿಕ್ಷೆ ಹೆಚ್ಚೆಂದರೆ 1 ವರ್ಷ. ಎರಡನೆಯದಾದರೆ ಕಡಿಮೆಯೆಂದರೆ 10 ವರ್ಷ.

2008ರ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠವು ಇ. ಮೈಕೆಲ್ ರಾಜ್ ಪ್ರಕರಣದಲ್ಲಿ ಮೊದಲನೆಯ ಉತ್ತರ ಕೊಟ್ಟಿತು. ಆ ಪ್ರಕರಣದಲ್ಲಿ ಸಿಕ್ಕಿದ್ದು 4 ಕಿಲೋಗೂ ಹೆಚ್ಚು ಪುಡಿ. ಮಾದರಿಗಳಲ್ಲಿ ಹೆರಾಯಿನ್ ಅಂಶ ಶೇಕಡಾ 1.4 ಮತ್ತು 1.6 ಮಾತ್ರ, ಲೆಕ್ಕ ಹಾಕಿದರೆ ಶುದ್ಧ ಹೆರಾಯಿನ್ ಸುಮಾರು 60 ಗ್ರಾಂ. ಶುದ್ಧಾಂಶವೇ ಮುಖ್ಯವೆಂದು ಹೇಳಿದ ಪೀಠವು 10 ವರ್ಷದ ಸಜೆಯನ್ನು 6 ವರ್ಷಕ್ಕೆ ಇಳಿಸಿತು. ಮರುವರ್ಷ, 2009ರ ನವೆಂಬರ್ 18ರಂದು, ಕೇಂದ್ರ ಸರ್ಕಾರವು ಕೋಷ್ಟಕಕ್ಕೆ ಟಿಪ್ಪಣಿಯೊಂದನ್ನು ಸೇರಿಸಿ, ಮಿತಿಗಳು ಇಡೀ ಮಿಶ್ರಣಕ್ಕೆ ಅನ್ವಯಿಸುತ್ತವೆ, ಶುದ್ಧಾಂಶಕ್ಕಷ್ಟೇ ಅಲ್ಲ ಎಂದು ಸ್ಪಷ್ಟಪಡಿಸಿತು. ಈ ಟಿಪ್ಪಣಿಯ ಸಿಂಧುತ್ವವನ್ನು ಪ್ರಶ್ನಿಸಿದ ಅರ್ಜಿಗಳು ಬಂದವು; ವಿಷಯ ದೊಡ್ಡ ಪೀಠಕ್ಕೆ ಹೋಯಿತು.

2020ರ ಏಪ್ರಿಲ್ 22ರಂದು ಹೀರಾ ಸಿಂಗ್ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಅರುಣ್ ಮಿಶ್ರ, ಇಂದಿರಾ ಬ್ಯಾನರ್ಜಿ ಮತ್ತು ಎಂ.ಆರ್. ಶಾ ಅವರ ಪೀಠವು ಈ ವಿವಾದಕ್ಕೆ ತೆರೆ ಎಳೆಯಿತು. ಮೈಕೆಲ್ ರಾಜ್ ತೀರ್ಪು ಸರಿಯಾದ ಕಾನೂನಲ್ಲ. ಬೆರೆಸಿದ ನಿರುಪದ್ರವಿ ವಸ್ತುವಿನ ತೂಕವನ್ನೂ ಸೇರಿಸಿಯೇ ಅಲ್ಪವೋ ವಾಣಿಜ್ಯವೋ ಎಂದು ನಿರ್ಧರಿಸಬೇಕು. ಮಾದಕಗಳು ಸಾಮಾನ್ಯವಾಗಿ ಶುದ್ಧ ರೂಪದಲ್ಲಿ ಮಾರಾಟವಾಗುವುದಿಲ್ಲ, ಸಮಾಜಕ್ಕೆ ಕೇಡು ಮಾಡುವುದು ಬೀದಿಗೆ ಬರುವ ಆ ಮಿಶ್ರಣವೇ ಎಂಬುದು ಪೀಠದ ವಿಚಾರಸರಣಿ.

ಒಂದು ಗ್ರಾಮಿನ ಲೆಕ್ಕ

ಇಲ್ಲಿಯವರೆಗಿನ ವಿವಾದ ಮಾದಕ ಮತ್ತು ಸೀಮೆಸುಣ್ಣದ ಮಿಶ್ರಣಕ್ಕೆ ಸಂಬಂಧಿಸಿದ್ದು. ಮಾದಕಕ್ಕೆ ಮಾದಕವೇ ಬೆರೆತರೆ? ಉತ್ತರವು 2001ರ ಕೋಷ್ಟಕದ ತುದಿಯಲ್ಲಿ, 239ನೆಯ ಬಾಬಿನಲ್ಲಿದೆ. ಎರಡು ಅಥವಾ ಹೆಚ್ಚು ಮಾದಕಗಳು ಬೆರೆತಿದ್ದರೆ ಆ ಮಿಶ್ರಣಕ್ಕೆ ಅನ್ವಯಿಸುವ ಮಿತಿಯು ಅವುಗಳಲ್ಲಿ ಯಾವುದಕ್ಕೆ ಅತಿ ಕಡಿಮೆ ಮಿತಿ ಇದೆಯೋ ಅದರದೇ. ಸಾಮಾನ್ಯ ಓದುಗರ ಕಣ್ಣಿಗೆ ಬೀಳದ ಈ ಒಂದು ಸಾಲಿನ ಪರಿಣಾಮ ಬಹಳ ದೊಡ್ಡದು.

ಒಬ್ಬನ ಬಳಿ 1 ಗ್ರಾಂ ಹೆರಾಯಿನ್ ಪುಡಿಯ ಪೊಟ್ಟಣವಿದೆ. ಅದು ಹೆರಾಯಿನ್ ಮಾತ್ರವಾಗಿದ್ದರೆ 5 ಗ್ರಾಮಿನೊಳಗೇ ಇರುವ ಅಲ್ಪ ಪರಿಮಾಣ. ಶಿಕ್ಷೆ ಹೆಚ್ಚೆಂದರೆ 1 ವರ್ಷ. ಅದೇ ಪುಡಿಯಲ್ಲಿ ಫೆಂಟಾನಿಲ್ ಬೆರೆತಿದೆಯೆಂದು ಪ್ರಯೋಗಶಾಲೆಯ ವರದಿ ಬಂದರೆ ಅನ್ವಯಿಸುವುದು ಫೆಂಟಾನಿಲ್‌ನ ಮಿತಿ. ತೂಗುವುದು ಇಡೀ ಪೊಟ್ಟಣವನ್ನು. 1 ಗ್ರಾಂ ಎಂಬುದು 0.1 ಗ್ರಾಮಿನ ಹತ್ತು ಪಟ್ಟು. ಅಲ್ಲಿಗೆ ಅದು ವಾಣಿಜ್ಯ ಪರಿಮಾಣ. ಶಿಕ್ಷೆ ಕಡಿಮೆಯೆಂದರೆ 10 ವರ್ಷ. ಅಮೆರಿಕದ ತೂಕದ ಮಾರ್ಗದಲ್ಲಿ 40 ಗ್ರಾಂ ಮಿಶ್ರಣಕ್ಕೆ ಕನಿಷ್ಠ 5 ವರ್ಷ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ತಕ್ಕಡಿ ಎಷ್ಟು ಸೂಕ್ಷ್ಮ, ಎಷ್ಟು ಕಠೋರ ಎಂಬುದು ತಿಳಿಯುತ್ತದೆ.

ವಿಷ ಬೆರೆಸಿದವನ ವಿಷಯದಲ್ಲಿ ಈ ಕಠೋರತೆಯನ್ನು ಯಾರೂ ಆಕ್ಷೇಪಿಸಲಾರರು. ಆದರೆ ತಕ್ಕಡಿಯ ಮುಂದೆ ಬಂದು ನಿಲ್ಲುವವನು ಬೆರೆಸಿದವನೇ ಆಗಿರುವುದು ಅಪರೂಪ. ತನ್ನ ಅಂದಿನ ಅಮಲಿಗೆ ಕಾಸು ಹೊಂದಿಸಿಕೊಳ್ಳಲು ನಾಲ್ಕು ಪೊಟ್ಟಣ ಮಾರುವ ವ್ಯಸನಿಗೆ ಅದರೊಳಗೆ ಏನು ಬೆರೆತಿದೆಯೆಂದು ಹೇಳುವವರಾರು? ದೊಡ್ಡವನನ್ನೂ ಸಣ್ಣವನನ್ನೂ ಬೇರೆ ಮಾಡಬೇಕೆಂಬ 2001ರ ಆಶಯವೂ, ಇಡೀ ಮಿಶ್ರಣವನ್ನು ತೂಗಬೇಕೆಂಬ ನಿಯಮವೂ ಈ ಎಡೆಯಲ್ಲಿ ಒಂದಕ್ಕೊಂದು ಸರಿಹೊಂದುವುದಿಲ್ಲ. ಈ ತೊಡಕನ್ನು ಬಿಡಿಸುವ ಕೆಲಸ ಸಂಸತ್ತಿಗೆ ಸೇರಿದ್ದು. ಅಲ್ಲಿಯವರೆಗೆ, ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತು ಸುಲಭವಾಗಿ ನಡೆಯದೆಂಬುದನ್ನು ತಿಳಿದಿರುವುದು ಒಳಿತು. 35ನೆಯ ಪ್ರಕರಣದಂತೆ ಆರೋಪಿಗೆ ಅರಿವಿತ್ತೆಂದು ನ್ಯಾಯಾಲಯವು ಭಾವಿಸಿಕೊಂಡೇ ಹೊರಡುತ್ತದೆ. ಇರಲಿಲ್ಲವೆಂದು, ಅದೂ ಸಂಶಯಕ್ಕೆಡೆಯಿಲ್ಲದಂತೆ, ಸಾಧಿಸುವ ಹೊಣೆ ಆರೋಪಿಯದು.

ಬಂಧನದಿಂದ ವಿಚಾರಣೆಯವರೆಗೆ

ವಾಣಿಜ್ಯ ಪರಿಮಾಣವೆಂಬ ಹಣೆಪಟ್ಟಿ ಬಿದ್ದೊಡನೆ ಶಿಕ್ಷೆಗಿಂತ ಮುಂಚೆ ಎದುರಾಗುವುದು ಜಾಮೀನಿನ ಕಷ್ಟ. ಆರೋಪಿಯು ತಪ್ಪಿತಸ್ಥನಲ್ಲವೆಂದು ನಂಬಲು ಸಕಾರಣವಿದೆ, ಬಿಡುಗಡೆಯಾದರೆ ಮತ್ತೆ ಅಪರಾಧ ಮಾಡಲಾರನು ಎಂಬ ಎರಡೂ ಮನವರಿಕೆಯಾಗದ ಹೊರತು 37ನೆಯ ಪ್ರಕರಣದ ಪ್ರಕಾರ ಜಾಮೀನು ದೊರೆಯುವುದಿಲ್ಲ. ತನಿಖೆಗೆ 180 ದಿನಗಳ ಅವಧಿಯಿದ್ದು, ಅದನ್ನು ಒಂದು ವರ್ಷದವರೆಗೆ ವಿಸ್ತರಿಸಬಹುದು. ಆದರೆ ವಿಚಾರಣೆ ಮುಗಿಯದೆ ವರ್ಷಗಟ್ಟಲೆ ಸೆರೆಯಲ್ಲಿ ಕೊಳೆಯುವವನಿಗೆ ಈ ಪ್ರಕರಣವೊಂದೇ ಅಡ್ಡಿಯಾಗಬಾರದೆಂದು, ಅತಿಯಾದ ವಿಳಂಬವೂ ಜಾಮೀನಿಗೆ ಆಧಾರವಾಗಬಹುದೆಂದು ದೆಹಲಿಯ ಪ್ರಕರಣವೊಂದರಲ್ಲಿ 2023ರ ಮಾರ್ಚ್ 28ರಂದು ಸರ್ವೋಚ್ಚ ನ್ಯಾಯಾಲಯ ಹೇಳಿದೆ.

ಇಷ್ಟು ಭಾರವಾದ ಕಾಯಿದೆಯೊಳಗೆ ನಾಗರಿಕನಿಗೆ ಕೆಲವು ರಕ್ಷಣೆಗಳೂ ಇವೆ. ದೇಹವನ್ನು ಶೋಧಿಸುವ ಮುನ್ನ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ಶೋಧಿಸಿಕೊಳ್ಳುವ ಹಕ್ಕು ನಿನಗಿದೆಯೆಂದು ಅಧಿಕಾರಿಯು 50ನೆಯ ಪ್ರಕರಣದ ಅನುಸಾರ ತಿಳಿಸಲೇಬೇಕು. ಇದು ಮೈಮೇಲಿನ ಶೋಧಕ್ಕೆ ಸಂಬಂಧಿಸಿದ ಹಕ್ಕು, ಕೈಯಲ್ಲಿರುವ ಚೀಲಕ್ಕೆ ಅನ್ವಯಿಸದು. ಮಾದಕ ದ್ರವ್ಯ ಕಾಯಿದೆಯ ಅಧಿಕಾರಿಗಳ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಾಗದೆಂದು ತಮಿಳುನಾಡಿನ ತೂಫಾನ್ ಸಿಂಗ್ ಪ್ರಕರಣದಲ್ಲಿ 2020ರ ಅಕ್ಟೋಬರ್ 29ರಂದು ತೀರ್ಪಾಗಿದೆ. ಕಲಬೆರಕೆಯ ಪ್ರಕರಣಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಮಹತ್ವದ್ದು ಮಾದರಿ ತೆಗೆಯುವ ಕ್ರಮ. ಪುಡಿಯಲ್ಲಿ ವಿಷ ಸಮನಾಗಿ ಹರಡಿರುವುದಿಲ್ಲವಾದ್ದರಿಂದ ಯಾವ ಪೊಟ್ಟಣದಿಂದ, ಹೇಗೆ ಮಾದರಿ ತೆಗೆದರೆಂಬುದೇ 1 ವರ್ಷ ಮತ್ತು 10 ವರ್ಷಗಳ ನಡುವಣ ಅಂತರವಾಗಬಹುದು. 2022ರ ಡಿಸೆಂಬರಿನಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಮಾದರಿಗಳನ್ನು ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ, ಎರಡು ಪ್ರತಿಗಳಲ್ಲಿ ತೆಗೆಯಬೇಕು.

ಪೊಟ್ಟಣವನ್ನು ಸ್ವತಃ ಮುಟ್ಟದವರೂ ಈ ಕಾಯಿದೆಯ ಕೈಗೆ ಸಿಗಬಹುದು. ಗೊತ್ತಿದ್ದೂ ತನ್ನ ಮನೆ, ಕೋಣೆ, ವಾಹನವನ್ನು ಇಂಥ ಕೆಲಸಕ್ಕೆ ಬಿಟ್ಟುಕೊಟ್ಟರೆ 25ನೆಯ ಪ್ರಕರಣ, ಪ್ರೇರಣೆ ಅಥವಾ ಒಳಸಂಚಿನಲ್ಲಿ ಪಾಲ್ಗೊಂಡರೆ 29ನೆಯ ಪ್ರಕರಣ ಅನ್ವಯಿಸುತ್ತದೆ. ಎರಡರಲ್ಲಿಯೂ ಶಿಕ್ಷೆ ಮೂಲ ಅಪರಾಧಕ್ಕೆ ಇರುವಷ್ಟೇ. ಹಣ ಹೂಡಿದವನಿಗೆ 10ರಿಂದ 20 ವರ್ಷ. ಊರು ಬಿಟ್ಟು ಬಂದು ಒಂದೇ ಕೋಣೆಯಲ್ಲಿ ನಾಲ್ಕಾರು ಮಂದಿ ಬಾಡಿಗೆಗಿರುವ ಯುವಕರು, ಪರಿಚಯವಿಲ್ಲದವರ ಗಂಟನ್ನು ರೈಲಿನಲ್ಲಿ ತಲುಪಿಸಲು ಒಪ್ಪಿಕೊಳ್ಳುವ ಪ್ರಯಾಣಿಕರು ಇದನ್ನು ವಿಶೇಷವಾಗಿ ಅರಿತಿರಬೇಕು.

ಸಾವು ಸಂಭವಿಸಿದಾಗ

ಕನ್ನಡಿಗರಿಗೆ ಕಲಬೆರಕೆಯ ಸಾವು ಹೊಸತಲ್ಲ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ವಿಷಮಿಶ್ರಿತ ಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತದ್ದನ್ನು ಹಿರಿಯರು ಮರೆತಿಲ್ಲ. ಗುಜರಾತ್ ರಾಜ್ಯವು ವಿಷಮದ್ಯದಿಂದ ಸಾವುಂಟುಮಾಡಿದವನಿಗೆ ಮರಣದಂಡನೆಯವರೆಗೆ ಅವಕಾಶ ಕಲ್ಪಿಸಿ ತನ್ನ ಪಾನನಿರೋಧ ಕಾನೂನನ್ನು ತಿದ್ದಿಕೊಂಡಿದೆ. ಆದರೆ ಮಾದಕ ದ್ರವ್ಯಗಳ ಅಧಿನಿಯಮದಲ್ಲಿ ಅಮೆರಿಕದಲ್ಲಿರುವಂತೆ ‘ಸೇವನೆಯಿಂದ ಸಾವಾದರೆ’ ಎಂಬ ಪ್ರತ್ಯೇಕ ಪ್ರಕರಣವಿಲ್ಲ. ನಮ್ಮ ಕಾಯಿದೆ ತೂಕವನ್ನು ನೋಡುತ್ತದೆ, ಹೆಣವನ್ನು ಎಣಿಸುವುದಿಲ್ಲ. ಸಾವಿಗೆ ಸಂಬಂಧಿಸಿದ ಹೊಣೆಯನ್ನು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಅಡಿಯಲ್ಲಿ, ಕೊಲೆಯೆನಿಸದ ಮಾನವಹತ್ಯೆ ಅಥವಾ ನಿರ್ಲಕ್ಷ್ಯದಿಂದಾದ ಸಾವು ಎಂದು, ಬೇರೆಯಾಗಿಯೇ ಸಾಧಿಸಬೇಕಾಗುತ್ತದೆ. ಯಾವ ಪೊಟ್ಟಣ, ಯಾರ ಕೈಯದು, ಅದೊಂದರಿಂದಲೇ ಸಾವಾಯಿತೇ ಎಂಬ, ಅಮೆರಿಕದ ನ್ಯಾಯಾಲಯವನ್ನು ಕಾಡಿದ ಪ್ರಶ್ನೆಗಳೇ ಇಲ್ಲಿಯೂ ಎದುರಾಗುತ್ತವೆ.

ವ್ಯಸನಿಗೆ ತೆರೆದಿರುವ ಬಾಗಿಲು

ಸೇವನೆಯೂ ಅಪರಾಧವೇ. ಹೆರಾಯಿನ್, ಮಾರ್ಫೀನ್, ಕೊಕೇನ್ ಸೇವಿಸಿದವನಿಗೆ 27ನೆಯ ಪ್ರಕರಣದಂತೆ 1 ವರ್ಷದವರೆಗೆ ಸಜೆ ಅಥವಾ 20 ಸಾವಿರ ರೂಪಾಯಿವರೆಗೆ ಜುಲ್ಮಾನೆ ಅಥವಾ ಎರಡೂ. ಆದರೆ ಇದೇ ಕಾಯಿದೆಯಲ್ಲಿ, ಜನರಿಗೆ ಅಷ್ಟಾಗಿ ತಿಳಿಯದ ಎರಡು ಪ್ರಕರಣಗಳಿವೆ. ಸೇವನೆಗಾಗಿ ಅಥವಾ ಅಲ್ಪ ಪರಿಮಾಣಕ್ಕಾಗಿ ತಪ್ಪಿತಸ್ಥನೆಂದು ತೀರ್ಮಾನವಾದ ವ್ಯಸನಿಯನ್ನು, ಅವನ ಒಪ್ಪಿಗೆ ಪಡೆದು, ಸೆರೆಮನೆಯ ಬದಲು ಸರ್ಕಾರಿ ಅಥವಾ ಮಾನ್ಯತೆ ಪಡೆದ ಚಿಕಿತ್ಸಾಲಯಕ್ಕೆ ಕಳುಹಿಸುವ ಅಧಿಕಾರವನ್ನು 39ನೆಯ ಪ್ರಕರಣ ನ್ಯಾಯಾಲಯಕ್ಕೆ ಕೊಡುತ್ತದೆ. 64ಎ ಪ್ರಕರಣದ ಪ್ರಕಾರ, ಇಂಥ ಆರೋಪ ಹೊತ್ತ ವ್ಯಸನಿಯು ತಾನಾಗಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದಲೇ ವಿಮುಕ್ತಿ ಪಡೆಯಬಹುದು; ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದರೆ ಆ ವಿಮುಕ್ತಿಯನ್ನು ಹಿಂತೆಗೆದುಕೊಳ್ಳಬಹುದು. ಫೆಂಟಾನಿಲ್ ಬೆರೆತು ಪರಿಮಾಣ ಮೇಲಿನ ಮೆಟ್ಟಿಲಿಗೆ ಏರಿದರೆ ಈ ಬಾಗಿಲು ಮುಚ್ಚಿಹೋಗುತ್ತದೆ. ಮನೆಯಲ್ಲಿ ವ್ಯಸನಿಯಿರುವವರು ಪೊಲೀಸರು ಬರುವವರೆಗೆ ಕಾಯದೆ ಚಿಕಿತ್ಸೆಗೆ ಕರೆದೊಯ್ಯಬೇಕೆಂದು ಹೇಳುವುದು ಈ ಕಾರಣದಿಂದಲೇ. ವ್ಯಸನಮುಕ್ತಿಯ ಸಲಹೆಗೆ 14446 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ. ಮಾರಾಟ, ಸಾಗಣೆಯ ಸುಳಿವು ಕೊಡಲು 2024ರ ಜುಲೈಯಲ್ಲಿ ಆರಂಭವಾದ 1933 ಎಂಬ ಸಂಖ್ಯೆಯಿದೆ.

ಅತಿಸೇವನೆಯ ಲಕ್ಷಣಗಳನ್ನು ಗುರುತಿಸುವುದು ಕಷ್ಟವಲ್ಲ: ಎಬ್ಬಿಸಿದರೂ ಏಳದಿರುವುದು, ಉಸಿರು ತೀರ ನಿಧಾನವಾಗುವುದು ಅಥವಾ ಗೊರಗುಟ್ಟುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುವುದು, ತುಟಿ ಉಗುರುಗಳು ನೀಲಿಗಟ್ಟುವುದು. ಅಂಥವರನ್ನು ಒಂದು ಮಗ್ಗುಲಿಗೆ ಮಲಗಿಸಿ ಕೂಡಲೇ 112ಕ್ಕೆ ಕರೆ ಮಾಡಬೇಕು; ಏನು ಸೇವಿಸಿದ್ದಾರೆಂಬುದನ್ನು ವೈದ್ಯರಿಂದ ಮುಚ್ಚಿಡಬಾರದು. ಸಕಾಲಕ್ಕೆ ನ್ಯಾಲಾಕ್ಸೋನ್ ಚುಚ್ಚುಮದ್ದು ದೊರೆತರೆ ನಿಂತುಹೋಗುತ್ತಿರುವ ಉಸಿರು ಮರಳುತ್ತದೆ. ಆದರೆ ಅದರ ಪ್ರಭಾವ ಫೆಂಟಾನಿಲ್ಲಿನ ಪ್ರಭಾವಕ್ಕಿಂತ ಬೇಗ ಇಳಿಯಬಹುದಾದ್ದರಿಂದ ಎಚ್ಚರವಾದರೆಂದು ರೋಗಿಯನ್ನು ಮನೆಗೆ ಕರೆತರುವಂತಿಲ್ಲ. ಕರೆ ಮಾಡಿದವನನ್ನು ಮೊಕದ್ದಮೆಯಿಂದ ಕಾಪಾಡುವ ಕಾನೂನುಗಳು ಅಮೆರಿಕದ ಬಹುತೇಕ ರಾಜ್ಯಗಳಲ್ಲಿವೆ. ನಮ್ಮ ಅಧಿನಿಯಮದಲ್ಲಿ ಅಂಥ ಪ್ರತ್ಯೇಕ ರಕ್ಷಣೆಯಿಲ್ಲ. ಬಹಳ ಮಂದಿ ಗೆಳೆಯನನ್ನು ಆಸ್ಪತ್ರೆಯ ಬಾಗಿಲಲ್ಲಿ ಬಿಟ್ಟು ಓಡಿಹೋಗುವುದಕ್ಕೆ ಈ ಭಯವೂ ಒಂದು ಕಾರಣವೆಂಬುದು ಶಾಸನಕರ್ತರು ಗಮನಿಸಬೇಕಾದ ವಿಷಯ.

ವೈದ್ಯರ ಚೀಟಿಯಂತೆ ಫೆಂಟಾನಿಲ್ ಪಟ್ಟಿಯನ್ನೋ ಮಾರ್ಫೀನ್ ಮಾತ್ರೆಯನ್ನೋ ಬಳಸುವ ಕ್ಯಾನ್ಸರ್ ರೋಗಿಗಳು ಮತ್ತು ಅವರ ಮನೆಯವರು ಇದನ್ನೆಲ್ಲ ಓದಿ ಹೆದರಬೇಕಾಗಿಲ್ಲ. ವೈದ್ಯಕೀಯ ಬಳಕೆಯನ್ನು ಕಾಯಿದೆ ನಿಷೇಧಿಸಿಲ್ಲ. 2014ರ ತಿದ್ದುಪಡಿಯು ‘ಅತ್ಯಗತ್ಯ ಮಾದಕ ಔಷಧ’ ಎಂಬ ಹೊಸ ವರ್ಗವನ್ನೇ ನಿರ್ಮಿಸಿತು. ಮಾರ್ಫೀನ್ ಮತ್ತು ಫೆಂಟಾನಿಲ್ ಎರಡೂ ಆ ವರ್ಗಕ್ಕೆ ಸೇರಿವೆ. ಪ್ರಯಾಣದಲ್ಲಿ ಔಷಧದ ಜೊತೆಗೆ ವೈದ್ಯರ ಚೀಟಿಯನ್ನೂ ಅಂಗಡಿಯ ರಸೀದಿಯನ್ನೂ ಇಟ್ಟುಕೊಂಡಿರಬೇಕು. ಬಳಸಿ ತೆಗೆದ ಪಟ್ಟಿಯಲ್ಲಿಯೂ ಔಷಧದ ಅಂಶ ಉಳಿದಿರುತ್ತದೆ. ಅದನ್ನು ಅಂಟು ಭಾಗ ಒಳಗಾಗುವಂತೆ ಮಡಿಸಿ, ಮಕ್ಕಳ ಕೈಗೆ ಸಿಗದಂತೆ ವಿಲೇವಾರಿ ಮಾಡಬೇಕು. ರೋಗಿ ತೀರಿಕೊಂಡ ಮೇಲೆ ಉಳಿದ ಪಟ್ಟಿಗಳನ್ನು ನೆರೆಯವರಿಗೆ ಕೊಡದೆ, ಕೊಟ್ಟ ಆಸ್ಪತ್ರೆಗೇ ಹಿಂದಿರುಗಿಸುವುದು ಸರಿಯಾದ ಕ್ರಮ.